ಎರಡು ಸರಕಾರಗಳ ನಡುವಿನ ಊರು

ದೆಹಲಿಯ ರಾಜಕೀಯವಾಗಲಿ ಬೆಂಗಳೂರಿನ ರಾಜಕೀಯವಾಗಲಿ ಒಂದು ಊರನ್ನು ಬಂದು ಮುಟ್ಟುವುದು ಪಡಿತರ ಚೀಟಿ, ಪಹಣಿ, ಬಸ್ಸಿನ ಟಿಕೆಟು, ದೋಣಿಯ ಎಣ್ಣೆ, ಮನೆ ಕಟ್ಟುವ ಪರವಾನಿಗೆ ಇಂಥ ಸಣ್ಣಪುಟ್ಟ ಸಂಗತಿಗಳಾಗಿ. ಉಡುಪಿ ಜಿಲ್ಲೆ ಬೈಂದೂರು ತಾಲೂಕಿನ ಕಿರಿಮಂಜೇಶ್ವರದಲ್ಲಿ ಇದನ್ನು ನೋಡುವುದು ಸುಲಭ. ಪಡುವಣಕ್ಕೆ ಅರಬ್ಬಿ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66, ಮೂಡಣಕ್ಕೆ ಗದ್ದೆ ತೋಟಗಳು, ಅವುಗಳಾಚೆ ಕೊಂಕಣ ರೈಲುಹಳಿ. ಸಮುದ್ರ, ಹೆದ್ದಾರಿ, ರೈಲು ಈ ಮೂರರಲ್ಲೂ ಕೇಂದ್ರದ ಕೈ ಇದೆ. ಗದ್ದೆ, ಬಸ್ಸು, ವಿದ್ಯುತ್ತು, ಆಸ್ಪತ್ರೆಗಳಲ್ಲಿ ರಾಜ್ಯದ ಕೈ ದೊಡ್ಡದು. ಎರಡೂ ಕೈ ಒಟ್ಟಿಗೆ ಹಿಡಿಯಬೇಕಾದ ಕಡೆಯಲ್ಲೇ ಕೆಲಸಗಳು ಹೆಚ್ಚಾಗಿ ನಿಲ್ಲುತ್ತವೆ.

ಮುಂದಿನ ಸಂವಾದದಲ್ಲಿ ಇಬ್ಬರಿದ್ದಾರೆ. ಒಬ್ಬರು ಶಾಲೆಯಿಂದ ನಿವೃತ್ತರಾದ ಮಾಷ್ಟ್ರು. ಇನ್ನೊಬ್ಬಾಕೆ ಗೇರುಬೀಜದ ಕಾರ್ಖಾನೆಗೆ ಹೋಗುವ ಮಹಿಳೆ. ಆಕೆಯ ಗಂಡ ನಾಡದೋಣಿಯಲ್ಲಿ ಮೀನಿಗೆ ಹೋಗುವವನು. ತವರಿನವರದು ಗದ್ದೆ ಬೇಸಾಯ.

ಮಹಿಳೆ: "ಯಾರ್ ಬಂದ್ರೂ ನಾವ್ ದುಡ್ದೇ ಉಣ್ಕ್" ಅಂತ ನಮ್ಮಲ್ಲಿ ಹೇಳುವುದುಂಟಲ್ಲ ಮಾಷ್ಟ್ರೆ. ಅದೇನು ಸುಳ್ಳಾ?

ಮಾಷ್ಟ್ರು: ದುಡಿಯುವುದು ತಪ್ಪುವುದಿಲ್ಲ, ಅಷ್ಟರ ಮಟ್ಟಿಗೆ ನಿಜ. ದುಡಿದದ್ದರಲ್ಲಿ ಮನೆಗೆ ಎಷ್ಟು ಉಳಿಯುತ್ತದೆ ಅನ್ನುವುದು ಬೇರೆ ಲೆಕ್ಕ. ನಿನ್ನ ತವರಿನ ಗದ್ದೆಯನ್ನೇ ತಕೊ. ನಿನ್ನ ಅಜ್ಜ ಉತ್ತದ್ದೂ ಅದೇ ಗದ್ದೆ, ಅಪ್ಪ ಉತ್ತದ್ದೂ ಅದೇ ಗದ್ದೆ. ಅಜ್ಜನ ಕಾಲದಲ್ಲಿ ಚಾಲಗೇಣಿ, ಅಂದರೆ ಖಾಯಂ ಹಕ್ಕಿಲ್ಲದ ಗೇಣಿ. ಕೊಯ್ಲು ಮುಗಿದು ಅಕ್ಕಿ ಆದ ಮೇಲೆ ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತು ಹಾಕಬೇಕಿತ್ತು. ಮುಡಿಯೆಂದರೆ ಗೊತ್ತಲ್ಲ, ಬೈಹುಲ್ಲು ಸುತ್ತಿ ಹುಲ್ಲಿನ ಹಗ್ಗದಲ್ಲೇ ಬಿಗಿದು ಉಂಡೆ ಮಾಡಿದ ಅಕ್ಕಿ. ಗೇಣಿಯ ಲೆಕ್ಕವೇ ಇಷ್ಟು ಮುಡಿ ಎಂದು. ಮಳೆ ಕೈಕೊಟ್ಟ ವರ್ಷವೂ ಮುಡಿ ಕಡಿಮೆಯಾಗುತ್ತಿರಲಿಲ್ಲ. ಗೇಣಿ ಬಾಕಿಯಾದರೆ ಒಕ್ಕಲು ಎಬ್ಬಿಸಬಹುದಿತ್ತು.

ಮಹಿಳೆ: ಆಮೇಲೆ ಡಿಕ್ಲರೇಶನ್ ಕೊಟ್ಟದ್ದಂತೆ. ಅಮ್ಮ ಹೇಳುತ್ತಿದ್ದರು.

ಮಾಷ್ಟ್ರು: ಅದೇ ನೋಡು. ಭೂಸುಧಾರಣಾ ಕಾಯ್ದೆ 1961ರಲ್ಲೇ ಆಗಿತ್ತು, ಆದರೆ ಒಕ್ಕಲಿಗೆ ಅದರಿಂದ ದೊಡ್ಡ ಉಪಕಾರವೇನೂ ಆಗಿರಲಿಲ್ಲ. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿಯೆಲ್ಲ ಅಂದೇ ಸರಕಾರಕ್ಕೆ ಸೇರಿತು. ಉಳುವವನು ನಮೂನೆ 7, ಅದೇ ನಿನ್ನಮ್ಮ ಹೇಳುತ್ತಿದ್ದ ಡಿಕ್ಲರೇಶನ್, ತುಂಬಿ ಕೊಟ್ಟರೆ ತಾಲೂಕಿನ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ಅವನ ಹೆಸರಿಗೆ ಹಕ್ಕು ಬರೆಯುತ್ತಿತ್ತು. ಆಗ ಭೂಸುಧಾರಣೆಯ ಖಾತೆ ನೋಡಿಕೊಂಡವರೂ ನಮ್ಮ ಜಿಲ್ಲೆಯವರೇ, ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟರು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಆದಷ್ಟು ಕೆಲಸ ರಾಜ್ಯದ ಬೇರೆ ಎಷ್ಟೋ ಕಡೆ ಆಗಲಿಲ್ಲ. ಇಲ್ಲಿ ಗೇಣಿ ಒಕ್ಕಲುಗಳೇ ಜಾಸ್ತಿ ಇದ್ದದ್ದು, ಗೇಣಿ ಚೀಟಿ ಇಟ್ಟುಕೊಂಡ ರೂಢಿ ಇದ್ದದ್ದು, ರೈತ ಸಂಘಟನೆಗಳು ಮನೆಮನೆಗೆ ಹೋಗಿ ಅರ್ಜಿ ತುಂಬಿಸಿದ್ದು, ಎಲ್ಲ ಕೂಡಿ ಬಂತು.

ಮಹಿಳೆ: ನಮ್ಮ ಪಕ್ಕದ ಮನೆಯವರು ಕೊಡಲಿಲ್ಲವಂತೆ. ಧಣಿಗಳ ಅನ್ನ ಉಂಡು ಅವರ ಮೇಲೆ ಅರ್ಜಿ ಹಾಕುವುದು ಹೇಗೆ ಅಂತ.

ಮಾಷ್ಟ್ರು: ಅಂಥವರು ಬೇಕಾದಷ್ಟು ಮಂದಿ. ಹೆದರಿ ಸುಮ್ಮನಾದವರೂ ಇದ್ದರು, ದಾಕ್ಷಿಣ್ಯಕ್ಕೆ ಸುಮ್ಮನಾದವರೂ ಇದ್ದರು. ಅರ್ಜಿ ಕೊಡುವ ಗಡುವನ್ನು ಮುಂದೂಡುತ್ತ ಮುಂದೂಡುತ್ತ 1979ರ ಜೂನ್ 30ಕ್ಕೆ ತಂದು ನಿಲ್ಲಿಸಿದರು. ಅಷ್ಟರೊಳಗೆ ಕೊಟ್ಟವನ ಮೊಮ್ಮಕ್ಕಳಿಗೆ ಇವತ್ತು ಪಹಣಿ ಇದೆ, ಪಹಣಿ ಇದ್ದಲ್ಲಿ ಸೊಸೈಟಿ ಸಾಲ ಇದೆ. ಕೊಡದವನ ಮೊಮ್ಮಕ್ಕಳು ಐದು ಸೆಂಟ್ಸ್ ಜಾಗಕ್ಕೆ ಪಂಚಾಯತಿಗೆ ಅರ್ಜಿ ಹಾಕುತ್ತಿದ್ದಾರೆ. ಒಂದೇ ಬೈಲು, ಒಂದೇ ಕಾನೂನು. ನಾಲ್ಕು ಮುಡಿ ಗೇಣಿಯ ಮೇಲೆಯೇ ಬದುಕಿದ್ದ ವಿಧವೆಯರೂ ಬಡ ಪುರೋಹಿತರೂ ಆಗ ಭೂಮಿ ಕಳಕೊಂಡರು, ಅದನ್ನೂ ಹೇಳಬೇಕು. ಕಾನೂನು ದೊಡ್ಡ ಧಣಿ, ಸಣ್ಣ ಧಣಿ ಎಂದು ನೋಡಲಿಲ್ಲ.

ಮಹಿಳೆ: ಈಗ ಆ ಗದ್ದೆ ಕೊಡುತ್ತೀರಾ ಅಂತ ಬೆಂಗಳೂರಿನಿಂದ ಫೋನು ಬರುತ್ತದೆ ಅಣ್ಣನಿಗೆ.

ಮಾಷ್ಟ್ರು: ಅದೂ ರಾಜ್ಯದ ಇನ್ನೊಂದು ತಿದ್ದುಪಡಿಯ ಫಲ. ರೈತನಲ್ಲದವನು ಕೃಷಿಭೂಮಿ ಕೊಳ್ಳಬಾರದು ಎಂಬ ಕಲಮುಗಳು ಹಳೇ ಕಾಯ್ದೆಯಲ್ಲಿದ್ದವು, 79ಎ, 79ಬಿ ಅಂತ. 2020ರಲ್ಲಿ ಅವನ್ನು ತೆಗೆದು ಹಾಕಿದರು. ಕಡಲು, ಹೆದ್ದಾರಿ ಎರಡೂ ಹತ್ತಿರ ಇರುವ ಗದ್ದೆಗೆ ಗಿರಾಕಿ ಬಾರದೆ ಇರುತ್ತಾನೆಯೇ? ಮಾರಿದವನಿಗೆ ಒಳ್ಳೆಯ ದುಡ್ಡು. ಆದರೆ ಬೈಲಿನ ನಡುವೆ ಒಬ್ಬ ಮಣ್ಣು ತುಂಬಿಸಿದರೆ ನೀರು ಹರಿಯುವ ದಾರಿ ಕಟ್ಟಿ ಉಳಿದವರ ಬೇಸಾಯವೂ ಕೆಡುತ್ತದೆ.

ಕರಾವಳಿಯಲ್ಲಿ ಭೂಮಿಯ ವಿಷಯ ಇಷ್ಟಕ್ಕೆ ತೀರುವುದಿಲ್ಲ. ಪಟ್ಟಾ ಜಾಗದ ಸುತ್ತ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಕುಮ್ಕಿ ಸೌಲಭ್ಯವನ್ನು ಹಕ್ಕಾಗಿ ಕೊಡುತ್ತೇವೆಂಬ ಮಾತು ಚುನಾವಣೆಯಿಂದ ಚುನಾವಣೆಗೆ ಬರುತ್ತಲೇ ಇದೆ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಅದನ್ನು ಸಕ್ರಮ ಮಾಡಿಕೊಡಿ ಎಂದು ಹಾಕಿದ 94ಸಿ ಅರ್ಜಿಯ ಗತಿ ಏನಾಯಿತು ಎಂದು ತಾಲೂಕು ಕಚೇರಿಗೆ ಅಲೆಯುತ್ತಾರೆ. ಆ ತಾಲೂಕು ಕಚೇರಿ ಯಾವ ಊರಿನಲ್ಲಿ ಇರಬೇಕು ಎಂಬುದೂ ರಾಜಕೀಯವೇ ತೀರ್ಮಾನಿಸಿದ ಸಂಗತಿ.

ಮಹಿಳೆ: ಮೊದಲು ಎಲ್ಲದಕ್ಕೂ ಕುಂದಾಪುರ. ಈಗ ಬೈಂದೂರು ತಾಲೂಕಾಯಿತು, ಹತ್ತಿರವಾಯಿತು. ಆದರೂ ಕೆಲವು ಕಾಗದಕ್ಕೆ ಕುಂದಾಪುರ, ಇನ್ನು ಕೆಲವಕ್ಕೆ ಮಣಿಪಾಲ ಅನ್ನುತ್ತಾರೆ.

ಮಾಷ್ಟ್ರು: ತಹಶೀಲ್ದಾರರು ಬೈಂದೂರಿನಲ್ಲಿ, ಉಪವಿಭಾಗಾಧಿಕಾರಿ ಕುಂದಾಪುರದಲ್ಲಿ, ಜಿಲ್ಲಾಧಿಕಾರಿ ಮಣಿಪಾಲದ ರಜತಾದ್ರಿಯಲ್ಲಿ. ಇದು ಒಂದೇ ಸಲಕ್ಕೆ ಆದದ್ದಲ್ಲ. ಬ್ರಿಟಿಷರು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟರು, ಕುಂದಾಪುರ ಮಾತ್ರ ಮದ್ರಾಸಿಗೆ ಉಳಿಯಿತು. ಶಿರೂರಿನಾಚೆ ಭಟ್ಕಳದವರು ಮುಂಬಯಿಯವರು, ಈಚೆ ನಾವು ಮದ್ರಾಸಿನವರು. ಎರಡೂ ಕಡೆಯವರು ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. 1997ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆಯಾಯಿತು. 2017ರ ರಾಜ್ಯ ಬಜೆಟ್‌ನಲ್ಲಿ ಹೊಸ ತಾಲೂಕುಗಳನ್ನು ಘೋಷಿಸಿದಾಗ ಬೈಂದೂರು, ಬ್ರಹ್ಮಾವರ, ಕಾಪು ಪಟ್ಟಿಯಲ್ಲಿ ಬಂದವು. 2018ರಲ್ಲಿ ಬೈಂದೂರು ತಾಲೂಕು ಕೆಲಸ ಶುರುಮಾಡಿತು. ಬೋರ್ಡು ಮೊದಲು ಬರುತ್ತದೆ, ಕಟ್ಟಡ ಆಮೇಲೆ, ಸಿಬ್ಬಂದಿ ಅದಕ್ಕೂ ಆಮೇಲೆ.

ಮಹಿಳೆ: ಸರಿ, ಅದೆಲ್ಲ ವರ್ಷಕ್ಕೊಮ್ಮೆ ಹೋಗುವ ಕಚೇರಿ. ತಿಂಗಳು ತಿಂಗಳೂ ಬರುವ ಅಕ್ಕಿಯ ಕತೆ ಹೇಳಿ. ಒಮ್ಮೆ ಅಕ್ಕಿ ಅಂತಾರೆ, ಒಮ್ಮೆ ದುಡ್ಡು ಅಂತಾರೆ, ಮತ್ತೆ ಅಕ್ಕಿ ಅಂತಾರೆ.

ಮಾಷ್ಟ್ರು: ಅಕ್ಕಿಯ ಕತೆಯಲ್ಲಿ ಎರಡು ಸರಕಾರಗಳೂ ಇವೆ. ಕೇಂದ್ರದ ಆಹಾರ ಭದ್ರತಾ ಕಾಯ್ದೆ 2013ರದ್ದು, ಬಿಪಿಎಲ್ ಕಾರ್ಡಿನಲ್ಲಿ ಹೆಸರಿದ್ದ ಒಬ್ಬೊಬ್ಬರಿಗೆ ತಿಂಗಳಿಗೆ ಐದು ಕಿಲೋ. ರಾಜ್ಯದ ಅನ್ನಭಾಗ್ಯವೂ ಅದೇ ವರ್ಷ ಶುರುವಾದದ್ದು. 2023ರ ಚುನಾವಣೆಯಲ್ಲಿ ಹತ್ತು ಕಿಲೋ ಎಂದು ಮಾತು ಕೊಟ್ಟು ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಕೇಂದ್ರದ ಐದರ ಮೇಲೆ ಇನ್ನೈದು ಕಿಲೋ ರಾಜ್ಯ ಕೊಡಬೇಕು. ಅಷ್ಟು ಅಕ್ಕಿ ಇರುವುದು ಭಾರತೀಯ ಆಹಾರ ನಿಗಮದ ಗೋದಾಮಿನಲ್ಲಿ, ಅದು ಕೇಂದ್ರದ್ದು. ಜೂನ್‌ನಲ್ಲಿ ಕೇಂದ್ರ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಬೆಲೆ ಹತೋಟಿಗೆ ದಾಸ್ತಾನು ಬೇಕು ಎಂದು ದೆಹಲಿ, ಬೇಕೆಂದೇ ಅಡ್ಡಗಾಲು ಹಾಕಿದರು ಎಂದು ಬೆಂಗಳೂರು. ಕೊನೆಗೆ ಕಿಲೋಗೆ 34 ರೂಪಾಯಿ ಲೆಕ್ಕ ಹಿಡಿದು ತಲೆಗೆ 170 ರೂಪಾಯಿ ಬ್ಯಾಂಕಿಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ ಬಂತು.

ಮಹಿಳೆ: ಆ ದುಡ್ಡು ನಮ್ಮ ಅತ್ತೆಯ ಖಾತೆಗೆ ಬರುತ್ತಿತ್ತು. ಕಾರ್ಡಿನಲ್ಲಿ ಮನೆ ಯಜಮಾನಿ ಅವರೇ. ಮೂರು ತಿಂಗಳು ಬರಲೇ ಇಲ್ಲ. ಕೇಳಿದರೆ ಆಧಾರ್ ಜೋಡಣೆ ಆಗಿಲ್ಲ ಅಂತ. ಅವರ ಬೆರಳಿನ ಗೆರೆ ಸವೆದು ಹೋಗಿದೆ, ಯಂತ್ರ ಹಿಡಿಯುವುದೇ ಇಲ್ಲ. ಇನ್ನೊಂದು ಮಾತು ಮಾಷ್ಟ್ರೆ, ಅಕ್ಕಿ ಬಂದರೂ ಅದು ಬೆಳ್ತಿಗೆ. ದೋಸೆಗೆ, ಕಡುಬಿಗೆ ಸರಿ. ಊಟಕ್ಕೆ ಕುಚ್ಚಲಕ್ಕಿಯೇ ಆಗಬೇಕು, ಅದನ್ನು ಅಂಗಡಿಯಿಂದ ದುಡ್ಡು ಕೊಟ್ಟೇ ತರುವುದು.

ಮಾಷ್ಟ್ರು: ನೀನು ಹೇಳಿದ್ದೇ ಇಲ್ಲಿನ ಮುಖ್ಯ ವಿಷಯ. ಕರಾವಳಿಯವರು ಉಣ್ಣುವುದು ಕೆಂಪು ಕುಚ್ಚಲಕ್ಕಿ, ಪಡಿತರದ ಪದ್ಧತಿ ಕಟ್ಟಿದ್ದು ಬಿಳಿ ಅಕ್ಕಿಯ ಮೇಲೆ. ಉಡುಪಿ, ದಕ್ಷಿಣ ಕನ್ನಡಕ್ಕೆ ಕುಚ್ಚಲಕ್ಕಿಯನ್ನೇ ಕೊಡಬೇಕೆಂಬ ಬೇಡಿಕೆ ಹಳತು. ಅದಾಗಬೇಕಾದರೆ ಇಲ್ಲಿ ಬೆಳೆಯುವ ಎಂಒ4, ಜ್ಯೋತಿ, ಜಯ ಇಂಥ ಭತ್ತವನ್ನು ಬೆಂಬಲ ಬೆಲೆಗೆ ಸರಕಾರ ಖರೀದಿ ಮಾಡಬೇಕು. ಬೆಲೆ ನಿಗದಿ ಮಾಡುವುದು ಕೇಂದ್ರ, ಖರೀದಿ ಕೇಂದ್ರ ತೆರೆಯುವುದು ರಾಜ್ಯ. ಕೆಲವು ವರ್ಷಗಳ ಹಿಂದೆ ಒಪ್ಪಿಗೆಯೂ ಸಿಕ್ಕಿತು. ಆದರೆ ನಮ್ಮಲ್ಲಿ ಅಕ್ಟೋಬರ್ ಹೊತ್ತಿಗೇ ಕಟಾವು ಯಂತ್ರ ಗದ್ದೆಗೆ ಇಳಿಯುತ್ತದೆ. ಒಣಗಿಸಲು ಅಂಗಳವಿಲ್ಲ, ಮೇಲಿಂದ ಮಳೆ. ಯಂತ್ರದಿಂದ ಬಿದ್ದ ಹಸಿ ಭತ್ತವನ್ನು ಗದ್ದೆಯ ಬದಿಯಿಂದಲೇ ಮಿಲ್ಲಿನವರು ಲಾರಿಗೆ ತುಂಬಿಕೊಂಡು ಹೋಗುತ್ತಾರೆ. ಖರೀದಿ ಕೇಂದ್ರದಲ್ಲಿ ನೋಂದಣಿ ಶುರುವಾಗುವಾಗ ರೈತನ ಮನೆಯಲ್ಲಿ ಬೀಜಕ್ಕೆ ಇಟ್ಟದ್ದು ಬಿಟ್ಟರೆ ಭತ್ತ ಇರುವುದಿಲ್ಲ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300 ರೂಪಾಯಿ ಬೆಂಬಲ ಬೆಲೆ ಇತ್ತು. ಅದು ಇದೆ ಎಂಬುದು ಇಲ್ಲಿನ ಗದ್ದೆಯವರಿಗೆ ಪೇಪರಿನಲ್ಲಿ ಓದಿ ಗೊತ್ತು.

ಮಹಿಳೆ: ಹಾಗಾದರೆ ತಪ್ಪು ಯಾರದು?

ಮಾಷ್ಟ್ರು: ಕ್ಯಾಲೆಂಡರಿನದು ಅಂತ ಇಟ್ಟುಕೊ. ರಾಜ್ಯಕ್ಕೆಲ್ಲ ಒಂದೇ ಕ್ಯಾಲೆಂಡರು ಹಾಕುತ್ತಾರೆ, ಕರಾವಳಿಯ ಕಟಾವು ಅದಕ್ಕೆ ಕಾಯುವುದಿಲ್ಲ. ಇಲ್ಲಿ ಪಕ್ಷ ಬದಲಾದರೂ ಕ್ಯಾಲೆಂಡರು ಬದಲಾಗಲಿಲ್ಲ ನೋಡು.

2023ರ ಚುನಾವಣೆಯಲ್ಲಿ ಮಾತು ಕೊಟ್ಟ ಉಳಿದ ಗ್ಯಾರಂಟಿ ಯೋಜನೆಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲ ಊರುಗಳಿಗೂ ಒಂದೇ ರೀತಿ ತಲುಪುವಂಥದ್ದು. ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯ ಒಳಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿದಷ್ಟು ಕರೆಂಟು ಉಚಿತ ಎಂದು ಶುರುವಾಯಿತು. ಹಾಗಾಗಿ ಮೊದಲೇ ಕಡಿಮೆ ಉರಿಸಿದವರಿಗೆ ಕಡಿಮೆ ಉಚಿತ ಸಿಕ್ಕಿತು. ಊರನ್ನು ನೋಡಿ ಬೇರೆ ಬೇರೆ ಫಲ ಕೊಟ್ಟದ್ದು ಶಕ್ತಿ ಯೋಜನೆ.

ಮಹಿಳೆ: ಹೆಂಗಸರಿಗೆ ಬಸ್ಸು ಫ್ರೀ ಅಂತ ಟಿವಿಯಲ್ಲಿ ನೋಡಿದ್ದೇ ನೋಡಿದ್ದು. ನಾನು ಕಾರ್ಖಾನೆಗೆ ಹೋಗುವುದು ಪ್ರೈವೇಟ್ ಬಸ್ಸಿನಲ್ಲಿ. ಟಿಕೆಟು ತಪ್ಪಿದ್ದಲ್ಲ.

ಮಾಷ್ಟ್ರು: 2023ರ ಜೂನ್ 11ಕ್ಕೆ ಶುರುವಾದ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ಹಳೇ ಮೈಸೂರಿನಲ್ಲಿ 1948ರಿಂದಲೇ ಸರಕಾರಿ ಬಸ್ಸು ಓಡುತ್ತಿತ್ತು. ಮದ್ರಾಸಿಗೆ ಸೇರಿದ್ದ ನಮ್ಮ ಕಡೆ ಖಾಸಗಿ ಬಸ್ಸಿನ ಪರ್ಮಿಟ್ಟುಗಳು ಅಷ್ಟರಲ್ಲಿ ಬೇರೂರಿದ್ದವು. ರಾಜ್ಯ ಒಂದಾದ ಮೇಲೂ ಉಡುಪಿ, ಮಂಗಳೂರು ಕಡೆ ಒಳದಾರಿಗಳೆಲ್ಲ ಖಾಸಗಿಯವರದೇ. ಹೆದ್ದಾರಿಯಲ್ಲಿ ಕೆಎಸ್ಸಾರ್ಟಿಸಿ ಸಿಗುತ್ತದೆ, ಆದರೆ ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಒಳಗಿನ ಸ್ಟಾಪಿನಲ್ಲಿ ನಿಲ್ಲುವುದು ಖಾಸಗಿ ಬಸ್ಸೇ. ಮಂಡ್ಯದ ಹೆಂಗಸಿಗೆ ಉಳಿದಷ್ಟು ದುಡ್ಡು ನಿನಗೆ ಉಳಿಯದೆ ಇರುವುದಕ್ಕೆ ಕಾರಣ ಎಪ್ಪತ್ತೈದು ವರ್ಷ ಹಿಂದಿನದು.

ಮಹಿಳೆ: ಆದರೆ ಧರ್ಮಸ್ಥಳಕ್ಕೆ ನಾವೂ ಫ್ರೀಯಾಗಿ ಹೋಗಿ ಬಂದೆವು. ಇಲ್ಲ ಅಂತ ಹೇಳಬಾರದು.

ಮಾಷ್ಟ್ರು: ಒಳ್ಳೆಯದಾಯಿತು. ಅತ್ತೆಗೆ ಪಿಂಚಣಿ ಬರುತ್ತದಾ?

ಮಹಿಳೆ: ಸಂಧ್ಯಾ ಸುರಕ್ಷಾ, 1,200.

ಮಾಷ್ಟ್ರು: ಅದು ರಾಜ್ಯದ ದುಡ್ಡು. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ದೆಹಲಿಯ ಪಾಲು ಎಂಬತ್ತು ವರ್ಷದ ಒಳಗಿನವರಿಗೆ 200 ರೂಪಾಯಿ. ಸುಮಾರು ಎರಡು ದಶಕದಿಂದ ಅದು ಏರಿಲ್ಲ. ಇದರ ಬಗ್ಗೆ ಯಾರೂ ಮೆರವಣಿಗೆ ಮಾಡಿದ್ದು ಕಾಣೆ. ಮುದುಕರು ಎಲ್ಲಿ ಮೆರವಣಿಗೆ ಮಾಡುತ್ತಾರೆ?

ಮಹಿಳೆ: ಕಡಲಿನ ವಿಷಯಕ್ಕೆ ಬನ್ನಿ. ನಮ್ಮವರದು ಸೀಮೆಎಣ್ಣೆಯ ಗಲಾಟೆ ಮುಗಿಯುವುದೇ ಇಲ್ಲ.

ಮಾಷ್ಟ್ರು: ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯದ ಪಟ್ಟಿಯಲ್ಲಿದೆ. ಆದರೆ ಕರೆಯಿಂದ ಹನ್ನೆರಡು ನಾಟಿಕಲ್ ಮೈಲು ದಾಟಿದರೆ ಅದು ಕೇಂದ್ರದ ಪಟ್ಟಿ. ಒಳಗೆ ರಾಜ್ಯದ 1986ರ ಕಡಲ ಮೀನುಗಾರಿಕೆ ಕಾಯ್ದೆ, ಹೊರಗೆ ದೆಹಲಿಯ ಆದೇಶ. ಬಂಗುಡೆ, ಬೂತಾಯಿಗೆ ಈ ಗೆರೆ ಗೊತ್ತಿಲ್ಲ, ಬೋಟಿನವನಿಗೆ ಗೊತ್ತಿರಬೇಕು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಗಂಗೊಳ್ಳಿಯಲ್ಲಿ ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ. ಹತ್ತು ಅಶ್ವಶಕ್ತಿಯ ಒಳಗಿನ ಎಂಜಿನ್ ಇರುವ ನಾಡದೋಣಿಗೆ ಆ ನಿರ್ಬಂಧ ಇಲ್ಲ. ಕಡಲು ಸ್ವಲ್ಪ ತಣ್ಣಗಾದ ದಿನ ಮಾಟುಬಲೆ ಹಾಕಿಕೊಂಡು ಹೋಗುವುದು ನಿಮ್ಮವರೇ. ವರ್ಷದ ಸಂಪಾದನೆಯಲ್ಲಿ ಒಳ್ಳೆಯ ಪಾಲು ಆ ಎರಡು ತಿಂಗಳಲ್ಲಿ ಆಗಬೇಕು.

ಮಹಿಳೆ: ಆಗಲೇ ಎಣ್ಣೆ ಇರುವುದಿಲ್ಲ. ಎಣ್ಣೆ ಇದ್ದಾಗ ಕಡಲು ಬಿಡುವುದಿಲ್ಲ.

ಮಾಷ್ಟ್ರು: ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಎಷ್ಟು ಸೀಮೆಎಣ್ಣೆ ಎಂದು ಹಂಚಿಕೆ ಮಾಡುವುದು ಕೇಂದ್ರ. ಮೀನುಗಾರನಿಗೆ ಯಾವ ದರಕ್ಕೆ, ಎಷ್ಟು ಸಬ್ಸಿಡಿಯಲ್ಲಿ ಕೊಡಬೇಕೆಂದು ನೋಡುವುದು ರಾಜ್ಯ. ಮನೆಮನೆಗೆ ಗ್ಯಾಸು, ಕರೆಂಟು ಬಂದ ಮೇಲೆ ಸೀಮೆಎಣ್ಣೆಯನ್ನೇ ನಿಲ್ಲಿಸುತ್ತ ಬರುವುದು ಕೇಂದ್ರದ ನೀತಿಯಾಯಿತು. ದೀಪಕ್ಕೆ ಬಳಸುವವರ ಲೆಕ್ಕದಲ್ಲಿ ಅದು ಸರಿಯೇ. ದೋಣಿಯವರ ನೆನಪು ಬಂದದ್ದು ಬೇಡಿಕೆ ಪತ್ರ ಹೋದ ಮೇಲೆ. ಹಂಚಿಕೆಯ ಆದೇಶ ತಡವಾದರೆ ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸುತ್ತದೆ. ಆದೇಶ ಬಂದು ಎತ್ತುವಳಿ ತಡವಾದರೆ ಕೇಂದ್ರದವರು ರಾಜ್ಯದ ಕಡೆ ತೋರಿಸುತ್ತಾರೆ. ಈಗ ಪೆಟ್ರೋಲ್ ಎಂಜಿನ್‌ಗೆ ಬದಲಾಯಿಸಿ, ಸಹಾಯಧನ ಕೊಡುತ್ತೇವೆ ಎನ್ನುತ್ತಾರೆ. ಬದಲಾಯಿಸಿದವರೂ ಇದ್ದಾರೆ.

ಮಹಿಳೆ: ನಮ್ಮವರು ಇನ್ನೂ ಬದಲಾಯಿಸಲಿಲ್ಲ. ಪೆಟ್ರೋಲಿನ ರೇಟು ಕಂಡು ಹೆದರಿ ಕೂತಿದ್ದಾರೆ. ರಾತ್ರಿ ದೂರದಲ್ಲಿ ಲೈಟು ಹಾಕಿ ಹಿಡಿಯುವುದು ನಿಂತಿಲ್ಲವಲ್ಲ, ಅದಕ್ಕೆ ಯಾರನ್ನು ಕೇಳುವುದು?

ಮಾಷ್ಟ್ರು: ಬೆಳಕು ಹಾಕಿ ಮೀನು ಹಿಡಿಯುವುದನ್ನು 2017ರ ನವೆಂಬರ್‌ನಲ್ಲಿ ಕೇಂದ್ರ ತನ್ನ ವ್ಯಾಪ್ತಿಯ ಕಡಲಿನಲ್ಲಿ ನಿಷೇಧ ಮಾಡಿತು. ಹನ್ನೆರಡು ಮೈಲಿನ ಒಳಗೆ ಹಿಡಿಯಬೇಕಾದವರು ರಾಜ್ಯದ ಮೀನುಗಾರಿಕೆ ಇಲಾಖೆ, ಕರಾವಳಿ ಕಾವಲು ಪೊಲೀಸರು. ಹೊರಗೆ ಕೋಸ್ಟ್‌ಗಾರ್ಡ್. ಲೈಟಿನ ಬೋಟು ಗೆರೆಯ ಆಚೆ ಇತ್ತಾ ಈಚೆ ಇತ್ತಾ ಎಂಬುದರಲ್ಲೇ ಬೆಳಗಾಗುತ್ತದೆ. ಮರಿಮೀನು ಹೋದರೆ ಮುಂದಿನ ವರ್ಷ ಖಾಲಿ ಬಲೆ ಎಳೆಯಬೇಕಾದವರು ನಾಡದೋಣಿಯವರು.

ಕಡಲಿನಿಂದ ಕರೆಗೆ ಬಂದರೆ ಮನೆಯ ಪ್ರಶ್ನೆ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. ಅದರ ಪ್ರಕಾರ ಗ್ರಾಮೀಣ ಕರಾವಳಿಯಲ್ಲಿ ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು. 2011ರಲ್ಲಿ ಮೀನುಗಾರರಿಗೆ ಕೆಲವು ರಿಯಾಯಿತಿ ಬಂತು. 2019ರ ಅಧಿಸೂಚನೆಯಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಕಡೆ ಈ ಪಟ್ಟಿ 50 ಮೀಟರಿಗೆ ಇಳಿಯಿತು. ಉಳಿದ ಕಡೆ 200 ಮೀಟರೇ. ಹೊಸ ನಿಯಮ ಲಾಗೂ ಆಗಬೇಕಾದರೆ ರಾಜ್ಯ ನಕ್ಷೆ ತಯಾರಿಸಬೇಕು, ಕೇಂದ್ರ ಅದನ್ನು ಒಪ್ಪಬೇಕು.

ಮಹಿಳೆ: ನಮ್ಮ ಮೈದುನನಿಗೆ ಮದುವೆಯಾಗಿ ಬೇರೆ ಮನೆ ಬೇಕು. ಜಾಗ ಅಪ್ಪನದೇ. ಪಂಚಾಯತಿಗೆ ಹೋದರೆ ಸಿಆರ್‌ಝಡ್ ಅಂತ. ಅಲ್ಲೇ ಆಚೆ ದೊಡ್ಡ ರೆಸಾರ್ಟು ಎದ್ದದ್ದು ಹೇಗೆ ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಮಾಷ್ಟ್ರು: ಕಾಗದ ಮಾಡಿಸುವುದು ಗೊತ್ತಿದ್ದವನಿಗೆ ನಿಯಮ ಒಂದು ಖರ್ಚು, ಗೊತ್ತಿಲ್ಲದವನಿಗೆ ಗೋಡೆ. ಈ ನಿಯಮ ಇಲ್ಲದಿದ್ದರೆ ಕಡಲಂಚಿನ ಅಷ್ಟೂ ಜಾಗ ಯಾವತ್ತೋ ಬೇರೆಯವರ ಪಾಲಾಗುತ್ತಿತ್ತು, ಅದೂ ಅಷ್ಟೇ ನಿಜ. ಮನೆಗೆ ಮರಳು ಬೇಕಾದಾಗಲೂ ಇದೇ ವಲಯ ಅಡ್ಡ ಬರುತ್ತದೆ. ಹೊಳೆಯಲ್ಲಿ ದೋಣಿ ಸಂಚಾರಕ್ಕೆ ತೊಡಕಾದ ಮರಳು ದಿಬ್ಬ ತೆಗೆಯಲಿಕ್ಕೆ ಮಾತ್ರ ಅವಕಾಶ, ಅದನ್ನೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಳು ಮಂದಿಯ ಸಮಿತಿ ತೀರ್ಮಾನಿಸಬೇಕು. ಕೇಂದ್ರದ ಮಾರ್ಗಸೂಚಿ, ಹಸಿರು ನ್ಯಾಯಮಂಡಳಿಯ ಆದೇಶ, ರಾಜ್ಯದ ಗಣಿ ಇಲಾಖೆ ಮೂರೂ ಒಂದು ಕಡೆ ಕೂಡಿಬರದ ವರ್ಷ ಗಾರೆಯವನಿಗೆ ಕೆಲಸ ಇರುವುದಿಲ್ಲ, ಕದ್ದು ತೆಗೆಯುವವನಿಗೆ ಕೈತುಂಬ ಕೆಲಸ.

ಹೆದ್ದಾರಿಯ ಕತೆ ಇಷ್ಟು ತೊಡಕಿನದ್ದಲ್ಲ. ಕುಂದಾಪುರದಿಂದ ಗೋವಾ ಗಡಿಯ ಕಡೆಗೆ ಚತುಷ್ಪಥದ ಕೆಲಸ ನಡೆಯಿತು, ಶಿರೂರಿನಲ್ಲಿ ಟೋಲ್ ಬಂತು. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದಾದ್ದರಿಂದ ಸರ್ವಿಸ್ ರಸ್ತೆ, ಡಿವೈಡರ್ ನಡುವೆ ದಾಟುವ ದಾರಿ, ಮಳೆಗಾಲದಲ್ಲಿ ನೀರು ಹೋಗುವ ಚರಂಡಿ ಇವಕ್ಕೆ ಪಂಚಾಯತಿ ಮನವಿ ಕೊಡಬಹುದು, ಆದೇಶ ಮಾಡುವಂತಿಲ್ಲ. ಜನ ಹಟ ಹಿಡಿದರೆ ಏನಾದರೂ ಆದೀತು ಎಂಬುದಕ್ಕೆ ಇದೇ ಹೆದ್ದಾರಿಯಲ್ಲಿ ಒಂದು ಉದಾಹರಣೆ ಇದೆ. ವರ್ಷಗಟ್ಟಲೆ ಹೋರಾಟ ನಡೆದ ಸುರತ್ಕಲ್ ಟೋಲ್‌ಗೇಟು 2022ರ ಡಿಸೆಂಬರ್ 1ಕ್ಕೆ ಮುಚ್ಚಿತು.

ಮಹಿಳೆ: ಹೆದ್ದಾರಿಗೆ ದೆಹಲಿ ಅಂತಾದರೆ ಎಂಪಿಯವರನ್ನು ಕೇಳಬೇಕಲ್ಲ. ನಮ್ಮ ಎಂಪಿ ಇರುವುದು ಶಿವಮೊಗ್ಗದಲ್ಲಿ!

ಮಾಷ್ಟ್ರು: 2008ರ ಕ್ಷೇತ್ರ ಮರುವಿಂಗಡಣೆಯ ಕೆಲಸ ಅದು. ಮೊದಲು ಬೈಂದೂರು ಉಡುಪಿ ಲೋಕಸಭಾ ಕ್ಷೇತ್ರದಲ್ಲೇ ಇತ್ತು. 2009ರಿಂದ ಶಿವಮೊಗ್ಗಕ್ಕೆ ಸೇರಿತು. ಪಕ್ಕದ ಕುಂದಾಪುರ ವಿಧಾನಸಭಾ ಕ್ಷೇತ್ರ ಉಡುಪಿ-ಚಿಕ್ಕಮಗಳೂರಿನಲ್ಲಿ. 2024ರ ಲೋಕಸಭಾ ಚುನಾವಣೆಯಲ್ಲಿ ಕುಂದಾಪುರದವರು ಏಪ್ರಿಲ್ 26ಕ್ಕೆ ವೋಟು ಹಾಕಿದರು, ಬೈಂದೂರಿನವರು ಮೇ 7ಕ್ಕೆ. ಒಂದೇ ಜಿಲ್ಲೆ, ಒಂದೇ ಜಿಲ್ಲಾಧಿಕಾರಿ. ಗಂಗೊಳ್ಳಿಯ ಬೋಟಿನವನ ಕಷ್ಟವನ್ನೂ ಮಲೆನಾಡಿನ ಅಡಿಕೆಯವನ ಕಷ್ಟವನ್ನೂ ಒಬ್ಬರೇ ಸಂಸದರು ದೆಹಲಿಯಲ್ಲಿ ಹೇಳಬೇಕು. ಲಾಭ ಇಲ್ಲವೆಂದಲ್ಲ, ಘಟ್ಟದ ಮೇಲಿನ ದೊಡ್ಡ ನಾಯಕರ ಗಮನ ಇತ್ತ ಬಿತ್ತು ಎನ್ನುವವರಿದ್ದಾರೆ. ಇನ್ನೊಂದು ಜನಗಣತಿ 2027ರಲ್ಲಿ. ಅದಾದ ಮೇಲೆ ಮತ್ತೆ ಮರುವಿಂಗಡಣೆಯ ಮಾತು ಬರುತ್ತದೆ. ಆಗ ಬೈಂದೂರು ಯಾವ ಕಡೆ ಬೀಳುತ್ತದೋ, ಜನಸಂಖ್ಯೆ ಹತೋಟಿಯಲ್ಲಿಟ್ಟ ಕರ್ನಾಟಕದ ಪಾಲಿಗೆ ಎಷ್ಟು ಸೀಟು ಉಳಿಯುತ್ತದೋ ಎಂಬ ಚರ್ಚೆ ಈಗಲೇ ಇದೆ.

ಮಹಿಳೆ: ದುಡ್ಡಿನ ಪಾಲಿನ ಜಗಳವೂ ಪೇಪರಿನಲ್ಲಿ ಬರುತ್ತದೆ. ತೆರಿಗೆ ನಮ್ಮದು, ಪಾಲು ಕಡಿಮೆ ಅಂತ.

ಮಾಷ್ಟ್ರು: ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ. 4.713 ಇತ್ತು, ಹದಿನೈದನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ಬಡ ರಾಜ್ಯಕ್ಕೆ ಹೆಚ್ಚು ಹೋಗಬೇಕೆಂಬ ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಸೆಸ್, ಸರ್‌ಚಾರ್ಜ್ ಎಂದು ವಸೂಲಿ ಮಾಡಿದ್ದರಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ. ಇದು ಊರಿಗೆ ಹೇಗೆ ಬರುತ್ತದೆಂದರೆ, ಹದಿನೈದನೇ ಆಯೋಗದ ಅನುದಾನ ಪಂಚಾಯತಿಗೆ ಬಂದಾಗ ಅದರಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಎಂದು ಕಟ್ಟಿ ಬರುತ್ತಿತ್ತು. ದಾರಿದೀಪಕ್ಕೋ ಸಂಕಕ್ಕೋ ಉಳಿದದ್ದರಲ್ಲೇ ಹೊಂದಿಸಬೇಕಿತ್ತು. ಬೇಡಿಕೆ ಊರಿನದು, ತಲೆಬರಹ ದೆಹಲಿಯದು.

ಇದೇ ರೀತಿ ದೆಹಲಿಯ ಒಂದೊಂದು ನಿರ್ಧಾರ ಸದ್ದಿಲ್ಲದೆ ಊರಿನ ಬೋರ್ಡು ಬದಲಾಯಿಸುತ್ತದೆ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಹುಟ್ಟಿ ಪಿಗ್ಮಿಯ ಮೂಲಕ ದಿನಗೂಲಿಯವರ ಚಿಲ್ಲರೆಯನ್ನೂ ಠೇವಣಿ ಮಾಡಿದ ಸಿಂಡಿಕೇಟ್ ಬ್ಯಾಂಕು ಎರಡೂ 2020ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮಂಗಳೂರಿನ ವಿಜಯಾ ಬ್ಯಾಂಕು ಅದಕ್ಕೆ ಒಂದು ವರ್ಷ ಮೊದಲೇ ಹೋಗಿತ್ತು. 2020ರ ಆ ಏಪ್ರಿಲ್‌ನಲ್ಲಿ ಕೊರೋನಾ ಲಾಕ್‌ಡೌನು ಬೇರೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಈ ಕಡೆಯವರು ಮೇ ತಿಂಗಳಲ್ಲಿ ಊರಿಗೆ ಹೊರಟಾಗ ಅವರನ್ನು ಬಿಡಬೇಕೇ, ಕ್ವಾರಂಟೈನಿಗೆ ಯಾವ ಶಾಲೆಯಲ್ಲಿ ಇಡಬೇಕು ಎಂಬುದೆಲ್ಲ ಎರಡೂ ಸರಕಾರಗಳ ಸುತ್ತೋಲೆಗಳನ್ನು ಕೂಡಿಸಿ ಶಿರೂರಿನ ಗಡಿಯಲ್ಲಿ ತೀರ್ಮಾನವಾಗುತ್ತಿತ್ತು.

ಮಹಿಳೆ: ಹಾಗಾದರೆ ನಾವು ನೇರ ಹೋಗಿ ಕೇಳಬಹುದಾದವರು ಯಾರು?

ಮಾಷ್ಟ್ರು: ನಡುವಿನ ಕುರ್ಚಿಗಳು ಖಾಲಿ. ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಚುನಾವಣೆ ಮುಂದೆ ಹೋಗುತ್ತಲೇ ಬಂತು, ಕೆಲಸ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ ಇದ್ದ ಸರಕಾರವೂ ಅವಸರ ಮಾಡಲಿಲ್ಲ, ಆಮೇಲೆ ಬಂದದ್ದೂ ಮಾಡಲಿಲ್ಲ. 1987ರಲ್ಲಿ ರಾಮಕೃಷ್ಣ ಹೆಗಡೆ, ನಜೀರ್ ಸಾಬ್ ಕಾಲದಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಮಾಡಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಇದು. ಶಾಲೆಯ ಮಾಡು ಸೋರಿದರೆ ಹೇಳಲಿಕ್ಕೆ ಈಗ ಜಿಲ್ಲಾ ಪಂಚಾಯತ್ ಸದಸ್ಯನೇ ಇಲ್ಲ, ನೇರ ಎಂಎಲ್‌ಎಯವರ ಹತ್ತಿರ ಹೋಗಬೇಕು.

ಮಹಿಳೆ: ಗ್ರಾಮಸಭೆ ಇದೆಯಲ್ಲ.

ಮಾಷ್ಟ್ರು: ಇದೆ. ಆರು ತಿಂಗಳಿಗೆ ಒಂದಾದರೂ ಆಗಬೇಕೆಂದು ಕಾನೂನು. ಅಲ್ಲಿ ಹೇಳಿ ಪಡಿತರದ ಅಕ್ಕಿ ಬದಲಾಯಿಸಲಿಕ್ಕೆ ಆಗುವುದಿಲ್ಲ, ಸೀಮೆಎಣ್ಣೆ ತರಿಸಲಿಕ್ಕೂ ಆಗುವುದಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಮಾತ್ರ ಆ ಸಭೆಯಲ್ಲೇ ಒಪ್ಪಿಗೆ ಆಗಬೇಕು. ಪ್ರಧಾನಮಂತ್ರಿ ಆವಾಸ್‌ನ 1.20 ಲಕ್ಷ ರೂಪಾಯಿಯಲ್ಲಿ ಅರುವತ್ತು ಪಾಲು ಕೇಂದ್ರದ್ದು, ನಲವತ್ತು ರಾಜ್ಯದ್ದು. ನಿನ್ನ ಮೈದುನನಿಗೆ ಕಡಲಬದಿಯ ಜಾಗ ಬಿಟ್ಟು ಬೇರೆ ಕಡೆ ನಿವೇಶನ ಸಿಗಬೇಕಿದ್ದರೂ ಹೆಸರು ಮೊದಲು ಅಲ್ಲಿ ಬರಬೇಕು. ಸಭೆಗೆ ಹೋಗದವರ ಹೆಸರು ಬಿಟ್ಟುಹೋದರೆ ಆಮೇಲೆ ಪಿಡಿಒ ಮೇಲೆ ಸಿಟ್ಟು ಮಾಡಿ ಫಲವಿಲ್ಲ.

ಮಹಿಳೆ: ಸಭೆಯ ದಿನ ಗೊತ್ತಾಗುವುದೇ ಅದು ಮುಗಿದ ಮೇಲೆ. ಮುಂದಿನ ಸಲ ನೋಟಿಸು ಹಾಕಿದ ಕೂಡಲೇ ಒಂದು ಫೋನು ಮಾಡಿ ಮಾಷ್ಟ್ರೆ. ಕಾರ್ಖಾನೆಯಲ್ಲಿ ರಜೆ ಕೇಳಬೇಕಾದರೆ ಮೂರು ದಿನ ಮೊದಲೇ ಹೇಳಬೇಕು, ಆ ದಿನದ ಸಂಬಳವೂ ಇಲ್ಲ.